ಸಿಸ್ಟರ್ ಕೈ ಎತ್ತಲಿಲ್ಲ

ಸಚಿವೆಯಾಗಿ ವರ್ಷಗಳೇ ಕಳೆದಿದ್ದರೂ ಆಕೆ ಜನರ ಬಾಯಲ್ಲಿ ಸಿಸ್ಟರ್ ಆಗಿಯೇ ಉಳಿದಿದ್ದಳು. ರಾಜಕೀಯಕ್ಕೆ ಬರುವ ಮುಂಚೆ ರಾಜಧಾನಿಗೆ ಹತ್ತಿರದ ತನ್ನ ಸಣ್ಣ ಊರಿನ ಸರ್ಕಾರಿ ಆಸ್ಪತ್ರೆಯಲ್ಲಿ ಹೆಂಗಸರ ವಾರ್ಡು ನೋಡಿಕೊಳ್ಳುತ್ತಿದ್ದ ನರ್ಸು. ಕಡತ ಹಿಡಿದು ಬರುವ ಅಧಿಕಾರಿಗಳು ‘ಮೇಡಂ’ ಎನ್ನಲು ಹೋಗಿ, ಬಾಯಿ ತಪ್ಪಿ ‘ಸಿಸ್ಟರ್’ ಎಂದುಬಿಡುತ್ತಿದ್ದರು. ಆಕೆಗೂ ಅದೇ ಹಿತವಾಗಿತ್ತು.

ಪಕ್ಷಕ್ಕೂ ಸರ್ಕಾರಕ್ಕೂ ಮುಖ್ಯಸ್ಥರಾಗಿದ್ದವರನ್ನು ಎಲ್ಲರೂ ಯಜಮಾನರು ಎನ್ನುತ್ತಿದ್ದರು. ಇದರಿಂದ ಸಿಸ್ಟರ್ ಮನೆಯಲ್ಲಿ ದಿನಕ್ಕೊಂದು ತಮಾಷೆ. ಗಂಡನದು ಬೇಕರಿ, ಕೆಳಗೆ ಅಂಗಡಿ ಮತ್ತು ಓವನ್ನು, ಮೇಲೆ ಮನೆ. ಸಚಿವರ ಬಂಗಲೆ ಕೊಡುತ್ತೇವೆಂದಾಗ, ಹಿಟ್ಟು ಉಬ್ಬುವಾಗ ಹತ್ತಿರ ಇರಬೇಕು ಎಂದು ಅವನು ಬರಲಿಲ್ಲ, ಅವನನ್ನು ಬಿಟ್ಟು ಇವಳೂ ಹೋಗಲಿಲ್ಲ. ಆಕೆ ಫೋನಿನಲ್ಲಿ ಯಾರಿಗೋ, ಯಜಮಾನರು ಇನ್ನೂ ಊಟ ಮಾಡಿಲ್ಲವಂತೆ ಎಂದರೆ, ಹಿಟ್ಟು ನಾದುತ್ತಿದ್ದ ಗಂಡ ಅಲ್ಲಿಂದಲೇ, “ಯಾರು ಹೇಳಿದ್ದು? ಆಗಲೇ ಎರಡು ಬನ್ನು ತಿಂದಾಯ್ತು” ಎನ್ನುತ್ತಿದ್ದ.

ಯಜಮಾನರಿಗೂ ಸಿಸ್ಟರಿಗೂ ಪರಿಚಯವಾದದ್ದು ವಾರ್ಡಿನಲ್ಲಿ. ಆಗ ಅವರು ವಿರೋಧ ಪಕ್ಷದ ಸಾಮಾನ್ಯ ಶಾಸಕ. ಹೆಂಡತಿಗೆ ವಾಸಿಯಾಗದ ಕಾಯಿಲೆ. ಸಭೆ ಮುಗಿಸಿ ಬಂದು, ಹೆಂಡತಿಯ ಹಾಸಿಗೆಯ ಪಕ್ಕ ಸ್ಟೂಲು ಹಾಕಿಕೊಂಡು, ಆಕೆಯ ಕಾಲು ಒತ್ತುತ್ತ ಕೂರುತ್ತಿದ್ದರು. ಆ ಹೆಂಗಸು ನಕ್ಕು, ಭಾಷಣದಲ್ಲಿ ಇವರು ಗುಡುಗುತ್ತಾರೆ, ಇಲ್ಲಿ ನೋಡಿ ಸಿಸ್ಟರ್, ಬೆಕ್ಕಿನ ಹಾಗೆ ಕೂತಿದ್ದಾರೆ ಎನ್ನುತ್ತಿದ್ದಳು. ಡಾಕ್ಟರುಗಳು ನೋಡೋಣ, ನೋಡೋಣ ಎಂದು ದಿನ ತಳ್ಳುತ್ತಿದ್ದಾಗ, ಸಿಸ್ಟರೇ ಅವರನ್ನು ಕಿಟಕಿಯ ಬಳಿ ಕರೆದು, ಇನ್ನು ಮನೆಗೆ ಕರೆದುಕೊಂಡು ಹೋಗಿ, ಆಕೆಗೆ ಇಷ್ಟವಾದ ಕೋಣೆಯಲ್ಲಿ ಮಲಗಿಸಿ ಎಂದಿದ್ದಳು. ಹೆಂಡತಿ ತೀರಿಕೊಂಡ ಮೇಲೆ ಯಜಮಾನರು ಒಂದು ದಿನ ಬೇಕರಿಗೆ ಬಂದು, ಚುನಾವಣೆಗೆ ನಿಲ್ಲುತ್ತೀಯಾ ಎಂದು ಕೇಳಿದರು. ತಂಗಿಯನ್ನು ಕೇಳುವ ಹಾಗೆ, ಏಕವಚನದಲ್ಲಿ. ಅಂದಿನಿಂದ ಅವರು ಆಕೆಗೆ ‘ನೀನು’ ಎಂದೇ ಅನ್ನುತ್ತಿದ್ದದ್ದು.

ಹಾಗಾಗಿ ಪತ್ರಿಕೆಯವರು ಅವರನ್ನು ಕಲ್ಲು ಮನುಷ್ಯ ಎಂದು ಬರೆದಾಗ ಸಿಸ್ಟರಿಗೆ ಅದು ಇನ್ಯಾರ ಬಗ್ಗೆಯೋ ಬರೆದಂತೆ ಕಾಣುತ್ತಿತ್ತು. ಆದರೆ ಪತ್ರಿಕೆಯವರ ಮಾತು ಪೂರ್ತಿ ಸುಳ್ಳೂ ಆಗಿರಲಿಲ್ಲ. ಅಧಿಕಾರಕ್ಕೆ ಬಂದ ಮೇಲೆ ಯಜಮಾನರು ಸಣ್ಣ ಊರುಗಳ ಆಸ್ಪತ್ರೆಗಳನ್ನೆಲ್ಲ ಮುಚ್ಚಿಸಿ, ಅವೆಲ್ಲಕ್ಕೂ ಸೇರಿಸಿ ಒಂದು ದೊಡ್ಡ ಆಸ್ಪತ್ರೆ ಕಟ್ಟಿಸಿದರು. ಊರೂರಿಗೂ ಒಂದು ಆಂಬುಲೆನ್ಸ್ ನಿಲ್ಲುತ್ತದೆ ಎಂದಿದ್ದರು. ಅರ್ಧಕ್ಕರ್ಧ ಊರಿಗೆ ಅದು ಬರಲೇ ಇಲ್ಲ. ಆರೋಗ್ಯ ಖಾತೆ ಸಿಸ್ಟರದ್ದಾಗಿರಲಿಲ್ಲ. ಆದರೂ ನರ್ಸು ಹೇಳಿದರೆ ಜನ ನಂಬುತ್ತಾರೆ ಎಂದು ಸಭೆಗಳಿಗೆ ಆಕೆಯನ್ನೇ ಕಳಿಸಿದರು. ಆಕೆಯೂ ನಂಬಿ ಹೇಳಿದಳು. ತಾನು ಕೆಲಸ ಮಾಡಿದ ವಾರ್ಡಿಗೆ ಬೀಗ ಬಿದ್ದ ದಿನವೂ, ಸ್ವಲ್ಪ ತಾಳ್ಮೆಯಿರಲಿ ಎಂದಳು. ಜೊತೆಯಲ್ಲಿ ದುಡಿದಿದ್ದ ಆಯಾ, ಅಂದಿನಿಂದ ರಸ್ತೆಯಲ್ಲಿ ಎದುರಾದರೆ ಆಚೆ ಬದಿಗೆ ದಾಟಿಬಿಡುತ್ತಿದ್ದಳು. ಬೇಕರಿಗೆ ಬರುವವರೂ ಕಡಿಮೆಯಾದರು. ಗಂಡ ಸಂಜೆ ಉಳಿದ ಬ್ರೆಡ್ಡನ್ನು ಸುಮ್ಮನೆ ರಸ್ಕು ಮಾಡಲು ಕತ್ತರಿಸುತ್ತಿದ್ದ.

ಆ ವರ್ಷದ ಉಪಚುನಾವಣೆಗಳಲ್ಲಿ ಪಕ್ಷ ಎಲ್ಲ ಕಡೆಯೂ ಸೋತಿತು. ಗಟ್ಟಿ ಕ್ಷೇತ್ರ ಎಂದು ಪ್ರಚಾರಕ್ಕೂ ಹೋಗದಿದ್ದ ಕಡೆ ಠೇವಣಿಯೂ ಉಳಿಯಲಿಲ್ಲ. ಮರುದಿನ ಪಕ್ಷದ ಕಚೇರಿಯ ಮೆಟ್ಟಿಲ ಮೇಲೆ ಕ್ಯಾಮೆರಾಗಳು ನೆರೆದವು. ಸಚಿವರು ಒಬ್ಬೊಬ್ಬರಾಗಿ ಇಳಿದು ಬಂದು, ನಾವೆಲ್ಲ ಯಜಮಾನರ ಜೊತೆಗಿದ್ದೇವೆ, ಅವರೇ ನಮ್ಮ ಬಲ ಎಂದು ಹೇಳಿ ಕಾರು ಹತ್ತಿದರು. ಹಣಕಾಸು ಸಚಿವರಂತೂ ಗಂಟಲು ಕಟ್ಟಿಬರುವಷ್ಟು ಮಾತಾಡಿದರು. ಅವರನ್ನು ಬೆನ್ನ ಹಿಂದೆ ಖಜಾನೆ ಎಂದು ಕರೆಯುತ್ತಿದ್ದರು. ನನ್ನ ಕೊನೆಯ ಉಸಿರಿರುವವರೆಗೂ ಅವರೇ ನನ್ನ ನಾಯಕರು ಎಂದರು ಖಜಾನೆ. ಸಿಸ್ಟರೂ ಹೇಳಿದಳು, ಎರಡೇ ಮಾತಿನಲ್ಲಿ: ಜೊತೆಗಿದ್ದೇನೆ, ಜೊತೆಗಿರುತ್ತೇನೆ.

ಅದೇ ವಾರ, ಬೆಳಗ್ಗೆ ಅಂಗಡಿ ತೆರೆದ ಹೊತ್ತಿಗೆ, ಒಂದು ದಿನವೂ ಆ ಬೀದಿಗೆ ಕಾಲಿಡದಿದ್ದ ಖಜಾನೆ ಬೇಕರಿಗೆ ಬಂದರು. ಬೆಂಗಾವಲಿನವರನ್ನು ರಸ್ತೆಯ ತಿರುವಿನಲ್ಲೇ ನಿಲ್ಲಿಸಿದ್ದರು. ಗಾಜಿನ ಕಪಾಟಿನ ಮುಂದೆ ನಿಂತು, ಇದೇನು, ಅದೇನು ಎಂದು ಕೇಳಿ, ಕೊನೆಗೆ ಬೇಡದ ರಸ್ಕು ಕಟ್ಟಿಸಿಕೊಂಡರು. ಸಿಸ್ಟರ್ ಕೆಳಗಿಳಿದು ಬಂದಾಗ ದನಿ ತಗ್ಗಿಸಿ ವಿಷಯಕ್ಕೆ ಬಂದರು. ಯಜಮಾನರು ಇರುವವರೆಗೆ ಮುಂದಿನ ಚುನಾವಣೆಯಲ್ಲಿ ಯಾರೂ ಗೆಲ್ಲುವುದಿಲ್ಲ. ಪಕ್ಷದಲ್ಲಿ ಎಲ್ಲರಿಗೂ ಇದು ಗೊತ್ತು. ಆದರೆ ಹೇಳುವವರು ಯಾರು? ತಾನು ಹೇಳಿದರೆ ಕುರ್ಚಿಯ ಆಸೆ ಎನ್ನುತ್ತಾರೆ. ಅವರು ಯಾರ ಮಾತಾದರೂ ಕೇಳುವುದಿದ್ದರೆ ಅದು ಸಿಸ್ಟರದ್ದು ಮಾತ್ರ.

ಮೊನ್ನೆ ಕೊನೆಯ ಉಸಿರು ಎಂದಿರಲ್ಲ ಎಂದು ಸಿಸ್ಟರ್ ಕೇಳಿದಳು.

ಖಜಾನೆ ಸ್ವಲ್ಪವೂ ಮುಜುಗರಪಡಲಿಲ್ಲ. “ಕ್ಯಾಮೆರಾ ಮುಂದೆ ಬೇರೆ ಏನು ಹೇಳೋಕಾಗುತ್ತೆ, ಸಿಸ್ಟರ್? ಸೋಮವಾರ ಪಕ್ಷದ ಸಭೆಯಲ್ಲಿ ವಿಶ್ವಾಸ ನಿರ್ಣಯ. ಗುಟ್ಟಿನ ಮತದಾನ ಅಲ್ಲ, ಕೈ ಎತ್ತೋದು. ಎಲ್ಲರ ಕೈಯೂ ಮೇಲೆ ಹೋಗುತ್ತೆ. ಅಷ್ಟರೊಳಗೆ ಅವರೇ ಬಿಟ್ಟರೆ ಎಲ್ಲರ ಮಾನವೂ ಉಳಿಯುತ್ತೆ.”

ಅವರು ಹೋದ ಮೇಲೆ ಸಿಸ್ಟರ್ ಬಹಳ ಹೊತ್ತು ಹಿಟ್ಟಿನ ಮೂಟೆಯ ಮೇಲೆ ಕೂತಿದ್ದಳು. ಖಜಾನೆಯ ಬಾಯಲ್ಲಿ ಬಂದ ಮಾತೆಂದು ಅದನ್ನು ತಳ್ಳಿಹಾಕಿಬಿಡುವುದು ಸುಲಭವಿತ್ತು. ಆದರೆ ಅದೇ ಮಾತು ತಿಂಗಳುಗಳಿಂದ ಆಕೆಯ ಎದೆಯಲ್ಲೂ ಕೂತಿತ್ತು.

ಭಾನುವಾರ ಮಧ್ಯಾಹ್ನ ಆಕೆ ಯಜಮಾನರ ಸರ್ಕಾರಿ ಮನೆಗೆ ಹೋದಳು. ಅವರು ಹಿಂಬದಿಯ ಜಗಲಿಯಲ್ಲಿ ನೆಲದ ಮೇಲೆ ಕೂತು, ತಮ್ಮ ಬೂಟುಗಳಿಗೆ ತಾವೇ ಪಾಲಿಶ್ ಹಾಕುತ್ತಿದ್ದರು. ಆ ಕೆಲಸವನ್ನು ಅವರು ಯಾರಿಗೂ ಬಿಡುತ್ತಿರಲಿಲ್ಲ. ಬೂಟಿನ ಕೆಳಗೆ ಹಾಸಿದ್ದ ಪತ್ರಿಕೆಯಲ್ಲಿ ಅವರದೇ ರಾಜೀನಾಮೆ ಕೇಳುವ ಸಂಪಾದಕೀಯವಿತ್ತು. ಕೊನೆಗೂ ಇದೊಂದು ಕೆಲಸಕ್ಕೆ ಬಂತು ನೋಡು ಎಂದು ನಕ್ಕರು. ಮುಖ ಇಳಿದಿತ್ತು, ಕಾಲರಿನೊಳಗೆ ಕುತ್ತಿಗೆ ಸಣಕಲಾಗಿ ಕಂಡಿತು. ಆದರೂ ಉತ್ಸಾಹದಲ್ಲಿದ್ದರು.

“ನೋಡಿದ್ಯಾ, ಒಬ್ಬರೂ ಬಿಟ್ಟು ಹೋಗಿಲ್ಲ. ಖಜಾನೆ ಮಾತಾಡಿದ್ದು ಕೇಳಿದ್ಯಾ? ನನ್ನ ಸ್ವಂತ ತಮ್ಮನೂ ಹಾಗೆ ಮಾತಾಡ್ತಿರಲಿಲ್ಲ.”

ಸಿಸ್ಟರ್ ಬೇಕರಿಯಲ್ಲಿ ನಡೆದ ಮಾತನ್ನು ಹೇಳಲಿಲ್ಲ. ಚಾಡಿ ಹೇಳಲು ಆಕೆ ಬಂದಿರಲಿಲ್ಲ. ಅವರ ಎದುರಿಗೆ ನೆಲದ ಮೇಲೆಯೇ ಕೂತು, ಇನ್ನೊಂದು ಬ್ರಷ್ಷು ತೆಗೆದುಕೊಂಡು, ಉಳಿದಿದ್ದ ಬೂಟೊಂದನ್ನು ಉಜ್ಜತೊಡಗಿದಳು. ಕೈಗೆ ಕೆಲಸವಿದ್ದರೆ ಮಾತು ಹೊರಡುವುದು ಸುಲಭ ಎನ್ನುವುದು ವಾರ್ಡಿನ ಕಾಲದಿಂದ ಬಂದ ಅಭ್ಯಾಸ.

“ನೀವು ಇಳಿಬೇಕು, ಯಜಮಾನರೇ” ಎಂದಳು. “ಜನ ಬಯ್ಯೋವರೆಗೂ ನಾನು ಧೈರ್ಯವಾಗಿದ್ದೆ. ಈಗ ಬಯ್ಯೋದನ್ನೂ ಬಿಟ್ಟಿದ್ದಾರೆ. ನಾನು ಮೈಕ್ ಹಿಡಿದರೆ ಎದ್ದು ಹೋಗ್ತಾರೆ. ಆ ವಾರ್ಡು ಮುಚ್ಚಿದ್ದು ತಪ್ಪಾಯ್ತು. ನೀವು ಮಾಡಿದ್ರಿ, ನಾನು ಹೊತ್ತು ತಿರುಗಿದೆ.”

ಯಜಮಾನರ ಕೈ ನಿಂತಿತು. ಯಾರು ಕಳಿಸಿದರು ಎಂದು ಕೇಳಿದರು. ಹೇಳು ಎಂದವರಿದ್ದಾರೆ, ಬಂದದ್ದು ಮಾತ್ರ ನಾನಾಗಿಯೇ ಎಂದಳು. ಅವರು ಪಾಲಿಶ್ ಡಬ್ಬಿಯ ಮುಚ್ಚಳವನ್ನು ಒತ್ತಿ ಮುಚ್ಚಿದರು. ಮತ್ತೆ ಮಾತಾಡಿದಾಗ ದನಿ ಬೇರೆಯಾಗಿತ್ತು.

“ನೀವೂ ಮೆಟ್ಟಿಲ ಮೇಲೆ ನಿಂತು ಹೇಳಿದ್ರಿ, ಜೊತೆಗಿದ್ದೀನಿ ಅಂತ. ಅದು ಸುಳ್ಳಾ?”

ಅಷ್ಟು ವರ್ಷಗಳಲ್ಲಿ ಅವರು ಆಕೆಯನ್ನು ಬಹುವಚನದಲ್ಲಿ ಮಾತಾಡಿಸಿದ್ದು ಅದೇ ಮೊದಲು. ಬೈದಿದ್ದರೂ ಆಕೆಗೆ ಅಷ್ಟು ನೋವಾಗುತ್ತಿರಲಿಲ್ಲ.

“ಸುಳ್ಳಲ್ಲ” ಎಂದಳು. “ಈಗಲೂ ಇದ್ದೀನಿ.”

ಯಜಮಾನರು ಅಂಗಳದ ಕಡೆ ತಿರುಗಿದರು. ಆಮೇಲೆ ಮೆತ್ತಗೆ ಹೇಳಿದರು. ನಾಳೆಯೊಂದು ದಿನ ಕೈ ಎತ್ತಿಬಿಡಿ. ವರ್ಷದ ಕೊನೆಗೆ ನಾನೇ ಬಿಟ್ಟು ಹೋಗುತ್ತೇನೆ. ಕುತ್ತಿಗೆ ಹಿಡಿದು ನೂಕಿದ ಹಾಗೆ ಮಾತ್ರ ಬೇಡ. ಹೆಂಡತಿಯ ಕಾಲು ಒತ್ತುತ್ತಿದ್ದಾಗಲೂ ಅವರ ದನಿ ಹೀಗೆಯೇ ಇರುತ್ತಿತ್ತು. ಸಿಸ್ಟರ್ ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಉಜ್ಜಿದ ಬೂಟನ್ನು ಅದರ ಜೊತೆಯ ಬೂಟಿನ ಪಕ್ಕ ಇಟ್ಟು ಎದ್ದಳು.

ಸೋಮವಾರ ಬೆಳಗ್ಗೆ ಆಕೆ ಎದ್ದು ಕೆಳಗಿಳಿದಾಗ ಗಂಡ ಬ್ರೆಡ್ಡಿನ ಟ್ರೇಗಳನ್ನು ಓವನ್ನಿನಿಂದ ಎಳೆಯುತ್ತಿದ್ದ. ಆಕೆ ನಡೆದದ್ದೆಲ್ಲ ಹೇಳಿದಳು. ಒಂದು ಕೈ ಎತ್ತಿದರೆ ಒಬ್ಬ ಮನುಷ್ಯನಿಗೆ ಸಮಾಧಾನ, ಅಷ್ಟಕ್ಕೆ ಯಾಕೆ ಹಟ ಎಂದು ಒಮ್ಮೆ ಅನಿಸುತ್ತದೆ. ಎತ್ತಿದರೆ ಆ ಆಯಾಳ ಮುಖವನ್ನು ಇನ್ನು ಈ ಜನ್ಮದಲ್ಲಿ ನೋಡಲಾರೆ ಎಂದೂ ಅನಿಸುತ್ತದೆ ಎಂದಳು.

“ರೀ, ನೀವಾಗಿದ್ರೆ ಏನು ಮಾಡ್ತಿದ್ರಿ?”

ಗಂಡ ಕೈಗವಸು ಕಳಚಿ, ಮುಖದ ಬೆವರು ಒರೆಸಿಕೊಂಡ. “ನಾನಾಗಿದ್ರೆ ಸಭೆಗೇ ಹೋಗ್ತಿರಲಿಲ್ಲ. ಹೊಟ್ಟೆನೋವು ಅಂತಿದ್ದೆ” ಎಂದ. ಆಕೆಗೆ ನಗು ಬಂತು. ಅವನೂ ನಕ್ಕು, ಬಿಸಿ ಬ್ರೆಡ್ಡಿನ ಅಂಚನ್ನು ಮುರಿದು ಆಕೆಯ ಕೈಗಿಟ್ಟ. “ಎತ್ತಿದ್ರೂ ನೀನೇ, ಎತ್ತದಿದ್ರೂ ನೀನೇ. ಮಧ್ಯಾಹ್ನ ಊಟಕ್ಕೆ ಬಾ. ಒಬ್ಬನೇ ಉಣ್ಣೋಕೆ ಬೇಜಾರು.”

ಸಭೆ ನಡೆದದ್ದು ಪಕ್ಷದ ಕಚೇರಿಯ ಮೇಲಿನ ಸಭಾಂಗಣದಲ್ಲಿ. ಖಜಾನೆಯೇ ನಿರ್ಣಯ ಮಂಡಿಸಿದರು. ಯಜಮಾನರ ದೂರದೃಷ್ಟಿ, ಯಜಮಾನರ ತ್ಯಾಗ ಎಂದೆಲ್ಲ ಹೊಗಳಿ, ಕಣ್ಣು ಒರೆಸಿಕೊಂಡರು. ಒಪ್ಪುವವರು ಕೈ ಎತ್ತಿ ಎಂದಾಗ ಸಭಾಂಗಣದ ತುಂಬ ಕೈಗಳು ಎದ್ದವು. ಕೆಲವರು ಎಲ್ಲರಿಗಿಂತ ಮೇಲೆ ಕಾಣಲೆಂದು ಕುರ್ಚಿಯಿಂದ ಅರ್ಧ ಎದ್ದೇ ಎತ್ತಿದರು. ಮುಂದಿನ ಸಾಲಿನಲ್ಲಿದ್ದ ಸಿಸ್ಟರಿನ ಎರಡು ಕೈಗಳೂ ಮಡಿಲಲ್ಲಿದ್ದವು. ಎತ್ತಬಾರದು ಎಂದು ನಿರ್ಧಾರ ಮಾಡಿಕೊಂಡೇನೂ ಆಕೆ ಬಂದಿರಲಿಲ್ಲ. ಆ ಗಳಿಗೆ ಬಂದಾಗ ಕೈ ಏಳಲಿಲ್ಲ, ಅಷ್ಟೇ. ಅಕ್ಕಪಕ್ಕದವರು ಕಣ್ಣಂಚಿನಲ್ಲಿ ನೋಡಿ, ತಮ್ಮ ಕುರ್ಚಿಯನ್ನು ಒಂಚೂರು ಆಚೆ ಸರಿಸಿಕೊಂಡರು.

ವೇದಿಕೆಯ ಮೇಲಿದ್ದ ಯಜಮಾನರ ಕಣ್ಣು ಸಾಲು ಸಾಲಾಗಿ ಬಂದು ಆಕೆಯ ಮೇಲೆ ನಿಂತಿತು. ಆಕೆ ತಲೆ ತಗ್ಗಿಸಲಿಲ್ಲ. ಅವರು ಆಮೇಲೆ ಮುಖ ತಿರುಗಿಸಿದರು.

ವಿರೋಧಿಸುವವರು ಯಾರಾದರೂ ಇದ್ದಾರೆಯೇ ಎಂದು ಖಜಾನೆ ಕೇಳಿದಾಗಲೂ ಆಕೆ ಕೈ ಎತ್ತಲಿಲ್ಲ. ಅವರ ವಿರುದ್ಧ ಎತ್ತಲು ಆಕೆಯಿಂದ ಆಗುತ್ತಿರಲಿಲ್ಲ.

ಕೆಳಗೆ ಮೆಟ್ಟಿಲ ಮೇಲೆ, ಉಂಡ ಮನೆಗೆ ದ್ರೋಹ ಬಗೆಯುವವರಿಗೆ ಪಕ್ಷದಲ್ಲಿ ಜಾಗವಿಲ್ಲ ಎಂದು ಹೇಳಲು ಖಜಾನೆ ಎಲ್ಲರಿಗಿಂತ ಮೊದಲು ಕ್ಯಾಮೆರಾದ ಮುಂದೆ ನಿಂತರು. ಸಿಸ್ಟರ್ ಹೊರಗೆ ಬಂದಾಗ ಮೈಕುಗಳು ಮುಖಕ್ಕೆ ಮುತ್ತಿದವು. ಯಜಮಾನರ ಮೇಲೆ ನಿಮಗೆ ನಂಬಿಕೆಯಿಲ್ಲವೇ ಎಂದು ಎಲ್ಲರದೂ ಒಂದೇ ಪ್ರಶ್ನೆ.

“ಅವರ ಮೇಲೆ ನನಗೆ ತುಂಬ ಪ್ರೀತಿ ಇದೆ” ಎಂದಳು. “ಅವರು ಇನ್ನು ಮನೆಗೆ ಹೋಗಬೇಕು. ಅಷ್ಟೇ.” ಬೇಕರಿಯಲ್ಲಿ ಊಟ ಕಾಯುತ್ತಿತ್ತು. ಆಕೆ ಜನರ ನಡುವೆ ದಾರಿ ಮಾಡಿಕೊಂಡು ಹೊರಟಳು.

ಸಂಜೆಯೊಳಗೆ ಸಚಿವ ಸ್ಥಾನ ಹೋಯಿತು. ಟಿವಿಯಲ್ಲಿ ವಾರವೆಲ್ಲ ಆಕೆಯದೇ ಮಾತು. ಬೇಕರಿಗೆ ಹಳೆಯ ಗಿರಾಕಿಗಳು ಒಬ್ಬೊಬ್ಬರಾಗಿ ಮರಳಿ ಬಂದು ಶಭಾಷ್ ಎನ್ನತೊಡಗಿದರು. ಯಜಮಾನರನ್ನು ಇನ್ನೂ ನಾಲ್ಕು ಮಾತು ಬೈದು ಹೋಗಲು ನಿಂತವರಿಗೆ ಗಂಡ, ಇಲ್ಲಿ ಸಿಗುವುದು ಬ್ರೆಡ್ಡು ಮಾತ್ರ ಎಂದು ಪೊಟ್ಟಣ ಕೊಟ್ಟು ಕಳಿಸುತ್ತಿದ್ದ. ಒಂದು ಸಂಜೆ ಆಯಾ ಬಂದಳು. ಬ್ರೆಡ್ಡು ತೆಗೆದುಕೊಂಡು, ಸಿಸ್ಟರಿನ ಮುಖವನ್ನು ದಿಟ್ಟಿಸಿ, “ಇಷ್ಟು ದಿನ ಬೇಕಾಯ್ತಾ ನಿಮಗೆ?” ಎಂದಳು. ಬೇಕಾಯಿತು ಎಂದು ಸಿಸ್ಟರ್ ಒಪ್ಪಿಕೊಂಡಳು. ಆಯಾ ಬಾಗಿಲಿನವರೆಗೆ ಹೋದವಳು ತಿರುಗಿ ಬಂದು, ಕೌಂಟರಿನ ಒಳಗಿದ್ದ ಸ್ಟೂಲಿನ ಮೇಲೆ ಕೂತಳು. ಇಬ್ಬರೂ ಅಂಗಡಿ ಮುಚ್ಚುವವರೆಗೆ ಹಳೆಯ ವಾರ್ಡಿನ ಮಾತಾಡಿದರು.

ಯಜಮಾನರಿಗೆ ಆಕೆ ಎರಡು ಸಲ ಫೋನ್ ಮಾಡಿದಳು. ಅವರು ತೆಗೆಯಲಿಲ್ಲ.

ವರ್ಷ ಮುಗಿಯುವ ಮುಂಚೆಯೇ ಖಜಾನೆ ಲೆಕ್ಕ ಸರಿಮಾಡಿಕೊಂಡರು. ಒಂದು ಬೆಳಗ್ಗೆ ಮುಕ್ಕಾಲು ಪಾಲು ಶಾಸಕರು ಅವರ ಮನೆಯಂಗಳದಲ್ಲಿ ನೆರೆದು, ನಾಯಕತ್ವ ಬದಲಾಗಬೇಕು ಎಂದರು. ಯಜಮಾನರಿಗೆ ಸುದ್ದಿ ತಿಳಿದದ್ದು ಟಿವಿಯಿಂದ. ಅಂದು ಸಭಾಂಗಣದಲ್ಲಿ ಅರ್ಧ ಎದ್ದು ನಿಂತವರೂ ಆ ಅಂಗಳದಲ್ಲಿದ್ದರು. ಬೇಕರಿಯಲ್ಲಿ ಟಿವಿ ನೋಡುತ್ತಿದ್ದ ಗಂಡ, “ಆವತ್ತು ಕೈ ಎತ್ತಿದವರೆಲ್ಲ ಇವತ್ತು ಪೂರ್ತಿ ಕೈ ಎತ್ತಿಬಿಟ್ಟರಲ್ಲೇ” ಎಂದ. ಸಿಸ್ಟರಿಗೆ ನಗು ಬರಲಿಲ್ಲ. ಪರದೆಯ ಮೇಲೆ ಯಜಮಾನರು ರಾಜೀನಾಮೆ ಕೊಟ್ಟು ಹೊರಗೆ ಬರುತ್ತಿದ್ದರು, ಪಕ್ಕದಲ್ಲಿ ಯಾರೂ ಇರಲಿಲ್ಲ.

ಖಜಾನೆ ಮುಖ್ಯಸ್ಥರಾದ ಮರುದಿನವೇ ಫೋನ್ ಮಾಡಿ, ಮೊದಲು ಧೈರ್ಯ ತೋರಿದವರು ನೀವು, ಆರೋಗ್ಯ ಖಾತೆ ತೆಗೆದುಕೊಳ್ಳಿ ಎಂದರು. ಮುಚ್ಚಿದ ಆಸ್ಪತ್ರೆಗಳನ್ನು ತೆರೆಯುತ್ತೀರಾ ಎಂದು ಆಕೆ ಕೇಳಿದಳು. ನೋಡೋಣ ಎಂದರು. ಡಾಕ್ಟರುಗಳ ಬಾಯಲ್ಲಿ ಆ ಮಾತು ಎಷ್ಟೋ ಸಲ ಕೇಳಿದ್ದವಳು, ನೋಡಿ ಆದ ಮೇಲೆ ಫೋನ್ ಮಾಡಿ ಎಂದು ಇಟ್ಟಳು. ಹಿಂದಿನ ಸಾಲಿನ ಶಾಸಕಿಯಾಗಿ ಕೂತು, ಅಧಿವೇಶನದಲ್ಲಿ ದಿನವೂ ಆ ಆಂಬುಲೆನ್ಸುಗಳ ಬಗ್ಗೆ ಕೇಳತೊಡಗಿದಳು.

ಸರ್ಕಾರಿ ಮನೆ ಖಾಲಿ ಮಾಡಲು ಯಜಮಾನರಿಗೆ ಸಿಕ್ಕ ಸಮಯ ಸ್ವಲ್ಪ. ಯಾವತ್ತು ಹೊರಡುತ್ತಾರೆ ಎಂದು ಅಲ್ಲಿನ ಅಡುಗೆಯವನಿಂದ ತಿಳಿದುಕೊಂಡು, ಸಿಸ್ಟರ್ ಗಂಡನನ್ನು ಕರೆದುಕೊಂಡು ಬೇಕರಿಯ ವ್ಯಾನಿನಲ್ಲಿ ಹೋದಳು. ಪುಸ್ತಕದ ಪೆಟ್ಟಿಗೆಗಳು, ಒಂದು ಮಂಚ, ಸುತ್ತಿಟ್ಟ ಹಾಸಿಗೆ, ಹೆಂಡತಿಯ ಫೋಟೋ ಎಲ್ಲ ಬಾಗಿಲ ಮುಂದೆ ಇದ್ದವು. ಬಾಡಿಗೆಯ ಲಾರಿ ಹೇಳಿದ ಹೊತ್ತಿಗೆ ಬಂದಿರಲಿಲ್ಲ. ಯಜಮಾನರು ಮಂಚದ ಅಂಚಿನಲ್ಲಿ ಕೂತಿದ್ದರು. ಇವರನ್ನು ನೋಡಿ ಏಳಲಿಲ್ಲ. ಗಂಡನಿಗೆ ಇಂಥ ಸಂದರ್ಭದಲ್ಲಿ ಮಾತು ಬರುವುದಿಲ್ಲ. ಅವನು ನೇರವಾಗಿ ಹೋಗಿ, “ಸರ್, ಸ್ವಲ್ಪ ಏಳ್ತೀರಾ? ಮಂಚ ಮೊದಲು ಹಾಕಬೇಕು” ಎಂದ. ಯಜಮಾನರು ಎದ್ದರು, ಮಂಚದ ಇನ್ನೊಂದು ತುದಿ ತಾವೇ ಹಿಡಿದರು.

ಸಾಮಾನು ತುಂಬಿದ ಮೇಲೆ ಮೂವರೂ ವ್ಯಾನಿನ ಮುಂದಿನ ಸೀಟಿನಲ್ಲಿ ಇಕ್ಕಟ್ಟಾಗಿ ಕೂತರು. ನಡುವೆ ಯಜಮಾನರು, ತೊಡೆಯ ಮೇಲೆ ಹೆಂಡತಿಯ ಫೋಟೋ. ವ್ಯಾನಿನ ತುಂಬ ಬ್ರೆಡ್ಡಿನ ವಾಸನೆ. ಮಾರುಕಟ್ಟೆ ದಾಟಿದ ಮೇಲೆ ಅವರು ರಸ್ತೆಯನ್ನೇ ನೋಡುತ್ತ ಹೇಳಿದರು:

“ಆವತ್ತು ನೀನು ಕೈ ಎತ್ತಬಹುದಿತ್ತು.”

“ಎತ್ತಬಹುದಿತ್ತು” ಎಂದಳು ಸಿಸ್ಟರ್.

“ಎತ್ತಿದ್ರೆ ಇವತ್ತು ಬರ್ತಿದ್ಯಾ?”

“ಎತ್ತಿದ್ರೂ ಬರ್ತಿದ್ದೆ.”

ಯಜಮಾನರು ಸ್ವಲ್ಪ ಹೊತ್ತಿನ ನಂತರ, ನಿನ್ನ ಗಂಡ ಬ್ರೇಕು ಹಾಕುವುದು ನೋಡಿದರೆ ಬ್ರೆಡ್ಡು ಹೇಗೆ ಚಪ್ಪಟೆಯಾಗದೆ ಗಿರಾಕಿಗಳ ಮನೆ ಸೇರುತ್ತದೋ ಎಂದರು. ಗಂಡ, ಬ್ರೆಡ್ಡು ದೂರು ಹೇಳುವುದಿಲ್ಲ ಸರ್ ಎಂದ.

ಹೊಸ ಮನೆ ಹಳೆಯ ಕಟ್ಟಡವೊಂದರ ಮೂರನೇ ಮಹಡಿಯಲ್ಲಿತ್ತು. ಲಿಫ್ಟು ಕೆಟ್ಟಿತ್ತು. ಹಾಸಿಗೆ ಹೊತ್ತು ಹತ್ತುವಾಗ ಎರಡನೇ ಮಹಡಿಯ ಬಾಗಿಲು ತೆರೆದು ಒಬ್ಬ ಹೆಂಗಸು ಹೊರಗೆ ಬಂದಳು. ಯಜಮಾನರ ಗುರುತು ಹತ್ತಿ, ಆಕೆಯ ಮುಖ ಬಿಗಿಯಾಯಿತು. ಊರಿನಲ್ಲಿ ತನ್ನ ಅತ್ತೆಗೆ ಎದೆನೋವು ಬಂದ ದಿನ ಎಷ್ಟು ಕಾದರೂ ಆಂಬುಲೆನ್ಸ್ ಗಾಡಿ ಬರಲಿಲ್ಲ, ಬಸ್ಸಿನಲ್ಲಿ ಕೂರಿಸಿಕೊಂಡು ಹೋದೆವು, ದಾರಿಯಲ್ಲೇ ಹೋಗಿಬಿಟ್ಟರು ಎಂದಳು. ಕೂಗಾಡಲಿಲ್ಲ, ನಡೆದದ್ದನ್ನು ನಡೆದಂತೆ ಹೇಳಿದಳು. ಸಿಸ್ಟರ್ ಮುಂದೆ ಬಂದು ಏನೋ ಹೇಳಲು ಹೊರಟಳು. ಯಜಮಾನರು ಕೈ ಅಡ್ಡ ಮಾಡಿ ಆಕೆಯನ್ನು ತಡೆದರು. ಹಾಸಿಗೆಯ ತುದಿಯನ್ನು ಮೆಟ್ಟಿಲ ಮೇಲೆ ಇಳಿಸಿ, ಆ ಹೆಂಗಸಿನ ಎದುರು ನಿಂತರು.

“ಗಾಡಿ ಕಳಿಸ್ತೀನಿ ಅಂತ ಹೇಳಿದವನು ನಾನೇ ಅಮ್ಮ” ಎಂದರು. “ಕಳಿಸಲಿಲ್ಲ. ತಪ್ಪು ನನ್ನದು.”

ಹೆಂಗಸು ಅವರ ಮುಖ ನೋಡಿದಳು, ಹಾಸಿಗೆ ನೋಡಿದಳು. ಆಮೇಲೆ ಹಾದಿ ಬಿಟ್ಟು ಗೋಡೆಗೆ ಒತ್ತಿ ನಿಂತಳು.

ಮೇಲೆ ಹೋಗಿ ಗಂಡ ಮಂಚ ಜೋಡಿಸಿದ. ಸಿಸ್ಟರ್ ಹಾಸಿಗೆ ಹಾಸಿ, ಹೊದಿಕೆಯ ನಾಲ್ಕೂ ಮೂಲೆಗಳನ್ನು ಒಳಗೆ ಮಡಿಸಿದಳು. ಯಜಮಾನರು ಕಿಟಕಿಯ ಬಳಿ ಬೆನ್ನು ತಿರುಗಿಸಿ ನಿಂತಿದ್ದರು. ಭುಜ ಅಲುಗುತ್ತಿತ್ತು. ಗಂಡ ಅದನ್ನು ನೋಡಿ, ಸ್ಕ್ರೂ ಡ್ರೈವರ್ ಹುಡುಕುವ ನೆಪದಲ್ಲಿ ಹೊರಗೆ ಹೋದ. ಸಿಸ್ಟರ್ ಹೋಗಿ ಅವರ ಪಕ್ಕ ನಿಂತಳು. ಕೆಳಗೆ ಬೀದಿಯಲ್ಲಿ ಯಾರೋ ಸೈಕಲ್ಲಿನ ಚೈನು ಸರಿಮಾಡುತ್ತಿದ್ದರು. ಅದು ಸರಿಯಾಗಿ ಸೈಕಲ್ಲು ಹೊರಟು ಹೋಗುವವರೆಗೂ ಇಬ್ಬರೂ ಹಾಗೆಯೇ ನಿಂತಿದ್ದರು.

ಊಟ ಮಾಡಿಕೊಂಡು ಹೋಗಿ ಎಂದು ಯಜಮಾನರು ಒತ್ತಾಯ ಮಾಡಿದರು. ಆದರೆ ತಟ್ಟೆಗಳು ಯಾವ ಪೆಟ್ಟಿಗೆಯಲ್ಲಿವೆ ಎಂದು ಅವರಿಗೇ ಗೊತ್ತಿರಲಿಲ್ಲ. ಭಾನುವಾರ ಬರುತ್ತೇವೆ, ಅಷ್ಟರಲ್ಲಿ ಹುಡುಕಿಡಿ ಎಂದಳು ಸಿಸ್ಟರ್. ಬರುವಾಗ ಏನೂ ತರಬೇಡ, ನಾನೇ ಅಡುಗೆ ಮಾಡುತ್ತೇನೆ, ಚೆನ್ನಾಗಿಲ್ಲದಿದ್ದರೆ ಮಾತ್ರ ಚೆನ್ನಾಗಿಲ್ಲ ಎಂದೇ ಹೇಳಬೇಕು ಎಂದರು ಅವರು. ಇದನ್ನು ಹೇಳುವಾಗ ಸ್ವಲ್ಪ ನಗು ಬಂದಿತ್ತು.

ಗಂಡ ಹೆಂಡತಿ ಕತ್ತಲಾದ ಮೆಟ್ಟಿಲಿನಲ್ಲಿ ಒಬ್ಬರ ತೋಳು ಒಬ್ಬರು ಹಿಡಿದುಕೊಂಡು ಇಳಿದರು.